ಚಿಕ್ಕವಳ ಜೊತೆ ಮೂರು ದಿನ

ಊರಿಗೆಲ್ಲ ರಜೆ ಹೇಗೆ ಕಳೆಯಬೇಕೆಂದು ಹೇಳಿಕೊಡುತ್ತಿದ್ದ ಆ ಹೆಂಗಸು ಏಳು ವರ್ಷದಿಂದ ತಾನು ಒಂದು ರಜೆಯನ್ನೂ ಕಳೆದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಕೆಯ ಓದುಗರಿಗೆ ಹೇಳಿದರೆ ನಂಬುವುದಿಲ್ಲ.

ಪತ್ರಿಕೆಯ ಕಚೇರಿಯಲ್ಲಿ ಆಕೆಗೆ ವೀಕೆಂಡ್ ಮೇಡಂ ಎಂದೇ ಹೆಸರು. ಪುರವಣಿ ವಿಭಾಗದಲ್ಲಿ, ನೀರಿನ ಕ್ಯಾನಿಗೂ ಕೆಟ್ಟುನಿಂತ ಪ್ರಿಂಟರಿಗೂ ನಡುವೆ ಆಕೆಯ ಮೇಜು. ಶುಕ್ರವಾರಕ್ಕೆ ‘ಎಲ್ಲಿಗೆ ಹೋಗೋಣ?’ ಎಂಬ ಪಟ್ಟಿ. ಮಂಗಳವಾರಕ್ಕೆ ‘ಚಿಕ್ಕವಳ ಜೊತೆ’ ಎಂಬ ಅಂಕಣ, ಅಂದರೆ ಆ ಪಟ್ಟಿಯ ಜಾಗಗಳಿಗೆ ತಾಯಿ ಮಗಳು ಹೋಗಿಬಂದ ಕತೆ. ಓದುವವರಿಗೆ ಗೊತ್ತಿಲ್ಲದ್ದು ಇಷ್ಟೇ: ಎರಡನ್ನೂ ಆಕೆ ಬರೆಯುತ್ತಿದ್ದದ್ದು ಗುರುವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ. ಪುರವಣಿ ಎಂದರೆ ಮುಖ್ಯ ಪತ್ರಿಕೆಯ ಹಾಗಲ್ಲ. ಅದು ಮೊದಲೇ ಅಚ್ಚಾಗಿ, ಕಟ್ಟು ಕಟ್ಟಿಸಿಕೊಂಡು, ಹಿಂದಿನ ಸಂಜೆಯ ಬಸ್ಸುಗಳಲ್ಲಿ ಊರೂರಿನ ಏಜೆಂಟರನ್ನು ಸೇರಿಕೊಳ್ಳಬೇಕು. ಹಾಗಾಗಿ ಭಾನುವಾರ ಪಡಬೇಕಾದ ಸಂತೋಷವನ್ನು ಗುರುವಾರವೇ ಬರೆದು ಮುಗಿಸಬೇಕು. ‘ಕೂಸು ಹುಟ್ಟೋ ಮುಂಚೆ ಕುಲಾವಿ’ ಎಂದು ಕಚೇರಿಯವರೇ ನಗುತ್ತಿದ್ದರು. ಈಕೆ ಹೊಸ ಕುಲಾವಿಯನ್ನೂ ಹೊಲಿಯುತ್ತಿರಲಿಲ್ಲ. ಹೋದ ಬೇಸಿಗೆಯ ಪಟ್ಟಿ ತೆಗೆಯುವುದು, ತಾರೀಖು ಬದಲಾಯಿಸುವುದು, ಎರಡು ಕಡೆ ಫೋನ್ ಮಾಡುವುದು, ಯಾರೂ ಎತ್ತದಿದ್ದರೆ ‘ಎಂದಿನಂತೆ ತೆರೆದಿರುತ್ತದೆ’ ಎಂದು ಸೇರಿಸಿ ಕೈತೊಳೆದುಕೊಳ್ಳುವುದು.

ಅಂಕಣದ ಚಿಕ್ಕವಳು ಮಾತ್ರ ಊರಿಗೇ ಮುದ್ದು. ಎಂಟು ವರ್ಷದ ಹುಡುಗಿ, ಎರಡು ಜಡೆ. ದೋಣಿಯಲ್ಲಿ ಕೂತರೆ ಹಾಡುತ್ತಾಳೆ, ಸ್ಟ್ರಾಬೆರಿ ಐಸ್‌ಕ್ರೀಂ ಕಂಡರೆ ಪ್ರಾಣ ಬಿಡುತ್ತಾಳೆ, ದೊಡ್ಡವರು ಬಾಯಿ ಮುಚ್ಚಿಕೊಳ್ಳುವಂಥ ಪ್ರಶ್ನೆ ಕೇಳುತ್ತಾಳೆ. ಅಂಕಣದ ನೆತ್ತಿಯ ಮೇಲೆ ಅವಳೂ ಅಮ್ಮನೂ ಕೈಹಿಡಿದು ನಡೆಯುವ ಚಿತ್ರ. ಅವಳಿಗೆ ನೆಗಡಿಯೆಂದು ಬರೆದ ವಾರ ಕಚೇರಿಗೆ ಮೂವತ್ತು ಕಾಗದ ಬಂದಿದ್ದವು.

ನಿಜವಾದ ಮಗಳು ಎಂಟು ವರ್ಷದವಳಾಗಿದ್ದಾಗ ಗಂಡ ಹೆಂಡತಿ ಬೇರೆಯಾದರು. ಆಗ ಆಕೆಯದು ಸಂಜೆ ಪಾಳಿಯ ಕೆಲಸ. ಮಗುವನ್ನು ನೋಡಿಕೊಳ್ಳುವವರು ಯಾರು ಎಂದು ನ್ಯಾಯಾಧೀಶರು ಕೇಳಿದಾಗ ಇವಳಿಗೆ ತೋರಿಸಲು ಯಾರೂ ಇರಲಿಲ್ಲ, ಗಂಡನ ಬಳಿ ಅವನ ತಾಯಿ ಇದ್ದರು. ಮಗು ಆರು ಗಂಟೆ ದಾರಿಯ ಇನ್ನೊಂದು ಊರಿಗೆ ಹೋಯಿತು. ರಜೆಗಳಲ್ಲಿ ತಾಯಿಯ ಹತ್ತಿರ ಬರಬಹುದು ಎಂದು ಕೋರ್ಟಿನ ಕಾಗದದಲ್ಲಿತ್ತು. ಮೊದಲ ಬೇಸಿಗೆ ರಜೆಗೆ ಮಗು ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ತಾನೇ ಹೋದರೆ ಹುಡುಗಿ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಆಕೆ ನೆಂಟರ ಹಾಗೆ ಹಜಾರದಲ್ಲಿ ಕೂತು, ಕೊಟ್ಟ ನೀರು ಕುಡಿದು, ಬಸ್ಸು ಹತ್ತುತ್ತಿದ್ದಳು. ಮುದುಕಿ ಮಗುವಿನ ತಲೆ ಕೆಡಿಸಿದ್ದಾಳೆ ಎಂದು ಅತ್ತೆಯನ್ನು ಆಕೆ ಶಪಿಸದ ದಿನವಿರಲಿಲ್ಲ. ಅಂಕಣ ಶುರುವಾದದ್ದು ಮಗು ಹೋದ ಹೊಸತರಲ್ಲೇ, ಆ ಮೊದಲ ರಜೆಗೂ ಮುಂಚೆ. ಆ ಮನೆಗೆ ಈ ಪತ್ರಿಕೆ ಬರುತ್ತದೆಂದು ಗೊತ್ತಿತ್ತು. ಬಾಯಿಬಿಟ್ಟು ಹೇಳಲಾಗದ್ದನ್ನು ಮಗಳು ಪೇಪರಿನಲ್ಲಾದರೂ ಓದಿಕೊಳ್ಳಲಿ ಎಂದುಕೊಂಡಳು.

ಈಗ ಹುಡುಗಿಗೆ ಹದಿನೈದು. ಹತ್ತನೆಯದು ಮುಗಿದಿತ್ತು. ಹೋದ ತಿಂಗಳು ತಾನಾಗಿಯೇ ಫೋನ್ ಮಾಡಿದಳು. “ನಿಮ್ಮೂರಲ್ಲಿ ಒಂದು ಕಾಲೇಜಿದೆಯಲ್ಲ, ಅದರ ಅರ್ಜಿ ತಗೊಂಡಿದೀನಿ. ಅಪ್ಪ ಹೋಗಿ ಮೂರು ದಿನ ಇದ್ದು ನೋಡು ಅಂದ್ರು. ಸರಿಹೋದ್ರೆ ನಿಮ್ಮನೇಲಿದ್ದು ಓದ್ತೀನಿ. ಬರ್ಲಾ?”

ಬರ್ಲಾ ಎಂದು ಕೇಳಬೇಕೆ! ಶನಿವಾರ, ಭಾನುವಾರ, ಸೋಮವಾರ, ಒಟ್ಟಿಗೆ ಮೂರು ದಿನ ರಜೆ. ಅರ್ಜಿಗೆ ಬುಧವಾರ ಕೊನೆಯ ದಿನ. ಆಕೆ ಕಿಟಕಿ ತೊಳೆದಳು, ಹೊಸ ಹಾಸಿಗೆ ತಂದಳು, ಮಗಳ ಕಾಲಿಗೆ ಮನೆಯೊಳಗೆ ಹಾಕಿಕೊಳ್ಳಲು ಚಪ್ಪಲಿ ತಂದಳು. ಗುರುವಾರ ಹನ್ನೊಂದಕ್ಕೆ ಪುರವಣಿಯ ಮುಖ್ಯಸ್ಥರು, ಎಲ್ಲರೂ ಹಿಂದಿನಿಂದ ಡೆಡ್‌ಲೈನ್ ಸಾರ್ ಎನ್ನುವವರು, ಬಂದು ಮೇಜಿಗೆ ಒರಗಿ ನಿಂತರು. “ಮೂರು ದಿನದ ರಜಾ ಮೇಡಂ, ಚಿಕ್ಕವಳದು ಉದ್ದ ಇರ್ಲಿ. ಓದಿದವರು ಅಳ್ಬೇಕು.” ಆಕೆ ಬರೆದಳು. ಏಳು ವರ್ಷದಲ್ಲಿ ಅಷ್ಟು ಮನಸ್ಸಿಟ್ಟು ಬರೆದದ್ದಿಲ್ಲ. ಈ ಸಲ ಬರೆದದ್ದು ಸುಳ್ಳಾಗುವುದಿಲ್ಲ, ಶನಿವಾರದಿಂದ ಒಂದೊಂದೇ ನಿಜವಾಗುತ್ತ ಹೋಗುತ್ತದೆ ಎಂಬ ಹುಚ್ಚು. ‘ಚಿಕ್ಕವಳ ಜೊತೆ ಮೂರು ದಿನ’ ಎಂದು ತಲೆಬರಹ ಕೊಟ್ಟು ಊಟಕ್ಕೆ ಎದ್ದಳು.

ಬಸ್ಸಿನಿಂದ ಇಳಿದವಳು ಆಕೆಗಿಂತ ಒಂದು ಗೇಣು ಎತ್ತರವಿದ್ದಳು. ಕೂದಲು ಕತ್ತಿನವರೆಗೆ ಕತ್ತರಿಸಿಕೊಂಡಿದ್ದಳು. “ತುಂಬಾ ಹೊತ್ತು ಕಾದ್ರಾ? ಯಾಕೆ ತೊಂದ್ರೆ ತಗೊಂಡ್ರಿ, ಆಟೋದಲ್ಲಿ ಬರ್ತಿದ್ದೆ,” ಎಂದಳು. ಹೆತ್ತ ಮಗಳು ಬ್ಯಾಂಕಿನ ಮೇನೇಜರನ್ನು ಮಾತನಾಡಿಸುವ ಹಾಗೆ ಮಾತನಾಡಿಸಿದ್ದು ಆಕೆಗೆ ಚುರುಕ್ಕೆಂದಿತು. ಮನೆಗೆ ಬಂದು ಚಪ್ಪಲಿ ಕೊಟ್ಟರೆ ಹಿಮ್ಮಡಿ ಎರಡು ಬೆರಳು ಹೊರಗೇ ಉಳಿಯಿತು. ಹುಡುಗಿ ಮೂರು ದಿನವೂ ಅದನ್ನು ಹಾಗೇ ಎಳೆದುಕೊಂಡು ಓಡಾಡಿದಳು.

“ಎಲ್ಲಿಗೆ ಹೋಗೋಣ?” ಎಂದು ಆಕೆ ಕೇಳಿದಳು.

“ಕೆರೆಗೆ,” ಎಂದಳು ಹುಡುಗಿ. “ಬೋಟಿಂಗಿದೆಯಲ್ಲ. ಎರಡು ಸಲ ಬರೆದಿದೀರಿ. ಒಂದು ಮೂರು ವರ್ಷದ ಹಿಂದೆ, ಒಂದು ಹೋದ ವರ್ಷ.”

ಆಕೆಯ ಎದೆ ತುಂಬಿಬಂತು. ಓದಿದ್ದಾಳೆ! ತಾರೀಖಿನ ಸಮೇತ ನೆನಪಿಟ್ಟುಕೊಂಡಿದ್ದಾಳೆ! ಆ ಖುಷಿಯಲ್ಲಿ ಆಕೆಗೆ ಹೊಳೆಯಬೇಕಾದದ್ದು ಹೊಳೆಯಲಿಲ್ಲ.

ಕೆರೆಯಲ್ಲಿ ನೀರಿರಲಿಲ್ಲ. ನಡುವೆ ಒಂದಿಷ್ಟು ಹಸಿರು ಕೆಸರು, ಅದರಲ್ಲಿ ಎರಡು ಎಮ್ಮೆ. ದಡದಲ್ಲಿ ಬೋರಲು ಹಾಕಿದ ಏಳೆಂಟು ದೋಣಿಗಳು, ಅವುಗಳ ಸುತ್ತ ಮಂಡಿಯುದ್ದ ಹುಲ್ಲು. ಗೇಟಿನ ಕಾವಲುಗಾರ ಕುರ್ಚಿಯಿಂದ ಏಳದೆಯೇ ಕೈಯಾಡಿಸಿದ. “ನೀರೇ ಇಲ್ವಲ್ಲಮ್ಮ, ಬೋಟನ್ನ ಎಲ್ಲಿ ಬಿಡೋದು? ನಾಲ್ಕು ವರ್ಷ ಆಯ್ತು ನಿಂತು.”

“ಪೇಪರಲ್ಲಿ ಹಾಕಿದ್ರು ಅಂಕಲ್,” ಎಂದಳು ಹುಡುಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

“ಅಯ್ಯೋ, ಆ ಪೇಪರಿನ ಹೆಂಗಸು ನನ್ನ ಕೈಗೆ ಸಿಗ್ಬೇಕು! ಪ್ರತಿ ಬೇಸಿಗೆ ಜನ ಮಕ್ಕಳುಮರಿ ಕಟ್ಕೊಂಡು ಬರ್ತಾರೆ, ಬಂದು ನನ್ನ ಮೇಲೆ ಎಗರ್ತಾರೆ. ಕೆರೆ ನೀರನ್ನ ನಾನೇ ಕುಡಿದುಬಿಟ್ಟಿದೀನೋ ಅನ್ನೋ ಹಂಗೆ. ಅವಳು ಒಂದು ದಿನಾನಾದ್ರೂ ಇಲ್ಲಿಗೆ ಬಂದಿದ್ರೆ ತಾನೇ!”

“ಸಿಕ್ಕಿದ್ರೆ ಹೇಳ್ತೀವಿ ಅಂಕಲ್.”

ಇಬ್ಬರೂ ಬಸ್ ಸ್ಟಾಪಿಗೆ ಬಂದು ನಿಂತರು. ಆಕೆಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತ್ತು. ಪಕ್ಕಕ್ಕೆ ನೋಡಿದರೆ ಹುಡುಗಿಯ ಭುಜ ಕುಲುಕುತ್ತಿತ್ತು. ನಗುತ್ತಿದ್ದಳು. ತಡೆಯಲಾಗದೆ ಆಕೆಯೂ ನಕ್ಕಳು. ಬಂದ ಬಸ್ಸು ಹೋಯಿತು, ಇಬ್ಬರೂ ನಗುತ್ತಲೇ ಇದ್ದರು. “ನೀನು ಬಂದೇ ಇಲ್ವಾ ಇಲ್ಲಿಗೆ? ಒಂದ್ಸಲಾನೂ?” ಎಂದು ಕೇಳುವಾಗ ಹುಡುಗಿ ‘ನೀವು’ ಬಿಟ್ಟುಬಿಟ್ಟಿದ್ದು ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಗೊತ್ತಾಗದವರ ಹಾಗೆ ಇದ್ದರು. ದಾರಿಯಲ್ಲಿ ಆಕೆ ಕೇಳದೆಯೇ ಸ್ಟ್ರಾಬೆರಿ ಐಸ್‌ಕ್ರೀಂ ಕೊಡಿಸಿದಳು. ಹುಡುಗಿ ಒಂದು ಕ್ಷಣ ಅದನ್ನೇ ನೋಡಿ, ಕೊನೆಯವರೆಗೂ ತಿಂದಳು.

ಭಾನುವಾರ ಮ್ಯೂಸಿಯಂಗೆ ಹೋದರು. ಇದು ಪುಣ್ಯಕ್ಕೆ ತೆರೆದಿತ್ತು. ಒಳಗಿನ ದೊಡ್ಡ ಹಜಾರದಲ್ಲಿ ಸೂರಿನಿಂದ ತಂತಿ ಕಟ್ಟಿ ಇಳಿಬಿಟ್ಟ ತಿಮಿಂಗಿಲದ ಅಸ್ಥಿಪಂಜರ. ರಜೆಯ ಜನ, ಮಕ್ಕಳ ಗದ್ದಲ, ಫಿನಾಯಿಲಿನ ವಾಸನೆ. ಹುಡುಗಿ ಅದರ ತಲೆಯ ಕೆಳಗೆ ನಿಂತು ಮೇಲೆ ನೋಡಿದಳು.

“ಇಲ್ಲೇ ಅಲ್ವಾ ಅವಳು ಹೆದರ್ಕೊಂಡು ನಿನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡಿದ್ದು?”

“ಯಾರು?”

“ನಿನ್ನ ಚಿಕ್ಕವಳು.”

ಆಕೆ ನಗಲು ನೋಡಿದಳು. ಹುಡುಗಿ ನಗುತ್ತಿರಲಿಲ್ಲ. ಗೋಡೆಯ ಪಕ್ಕದ ಬೆಂಚಿನಲ್ಲಿ ಹೋಗಿ ಕೂತಳು. ಆಕೆಯೂ ಹೋಗಿ ಕೂತಳು.

“ಮೂರನೇ ಕ್ಲಾಸಲ್ಲಿದ್ದೆ,” ಎಂದಳು ಹುಡುಗಿ. “ರಜಾ ಬಂದಿತ್ತು, ನಿನ್ನ ಹತ್ರ ಬರ್ಬೇಕಿತ್ತು. ಅಜ್ಜಿ ನನ್ನ ಬಟ್ಟೆ ಎಲ್ಲಾ ಮಡಿಸಿ ಬ್ಯಾಗಿಗೆ ಹಾಕಿಟ್ಟಿದ್ರು. ಬೆಳಿಗ್ಗೆ ಪೇಪರ್ ಓದಿದೆ. ನಾನೂ ನನ್ನ ಚಿಕ್ಕವಳೂ ಝೂಗೆ ಹೋಗಿದ್ವಿ ಅಂತ ನೀನು ಬರೆದಿದ್ದೆ. ನಾನು ಝೂಗೆ ಬಂದಿರ್ಲಿಲ್ವಲ್ಲ. ನಿನಗೆ ಬೇರೆ ಮಗಳು ಸಿಕ್ಕಿದಾಳೆ ಅಂದ್ಕೊಂಡೆ.”

ಆಕೆ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು.

“ಬರಲ್ಲ ಅಂತ ಹಠ ಹಿಡಿದೆ. ಅಜ್ಜಿ ಬೈದ್ರು, ನಿಮ್ಮಮ್ಮ ಕಾಯ್ತಿರ್ತಾಳೆ ಹೋಗು ಅಂತ ಒಂದು ಏಟೂ ಕೊಟ್ರು. ನಾನು ಯಾಕೆ ಅಂತ ಹೇಳ್ಲಿಲ್ಲ. ಹೇಳಕ್ಕೆ ಅವಮಾನ. ಆಮೇಲೆ ಪ್ರತಿ ಮಂಗಳವಾರ ಓದ್ತಿದ್ದೆ, ನೀನು ಅವಳಿಗೆ ಏನೇನು ಕೊಡಿಸ್ದೆ, ಎಲ್ಲೆಲ್ಲಿ ಕರ್ಕೊಂಡು ಹೋದೆ ಅಂತ. ನೀನು ಮನೆಗೆ ಬಂದಾಗ ಅವಳನ್ನ ಹೊರಗಡೆ ನಿಲ್ಲಿಸಿ ಬಂದಿದೀಯಾ ಅಂತ ಕಿಟಕೀಲಿ ನೋಡ್ತಿದ್ದೆ.”

“ಅಯ್ಯೋ, ಅದು ನೀನೇ ಕಣೇ!” ಆಕೆಯ ಧ್ವನಿ ಹಜಾರದಲ್ಲಿ ಮೊಳಗಿತು, ನಾಲ್ಕು ಜನ ತಿರುಗಿ ನೋಡಿದರು. “ನಿನ್ನನ್ನೇ ಬರೀತಿದ್ದೆ. ನೀನು ಓದ್ಲಿ ಅಂತಾನೇ…”

“ನಾನಲ್ಲ. ನನಗೆ ನೀರು ಅಂದ್ರೆ ಭಯ, ಅವಳು ದೋಣೀಲಿ ಹಾಡ್ತಾಳೆ. ನನಗೆ ಸ್ಟ್ರಾಬೆರಿ ಸೇರಲ್ಲ.” ಹುಡುಗಿ ತನ್ನ ಉಗುರುಗಳನ್ನೇ ನೋಡುತ್ತಿದ್ದಳು. “ಏಳನೇ ಕ್ಲಾಸಲ್ಲಿ ಗೊತ್ತಾಯ್ತು ಬಿಡು. ನಾಲ್ಕು ವರ್ಷ ಆದ್ರೂ ಅವಳಿಗೆ ಎಂಟೇ ವರ್ಷ. ಯಾವ ಮಗು ಹಂಗೆ ನಿಂತಿರತ್ತೆ? ಸುಳ್ಳು ಅಂತ ತಿಳೀತು. ಆದ್ರೆ ಅಷ್ಟೊತ್ತಿಗೆ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡೇ ಅಭ್ಯಾಸ ಆಗೋಗಿತ್ತು.”

ಏಳು ವರ್ಷ ಆಕೆ ಶಪಿಸಿದ್ದ ಮುದುಕಿ ಆ ಬ್ಯಾಗಿಗೆ ಬಟ್ಟೆ ತುಂಬಿದ್ದಳು. ಮಗಳನ್ನು ಬಾಗಿಲಲ್ಲೇ ತಡೆದವಳು ತಾನೇ, ತನ್ನ ಕೈಯಾರೆ, ವಾರವಾರವೂ. ಅದಕ್ಕೆ ಸಂಬಳವನ್ನೂ ತೆಗೆದುಕೊಂಡಿದ್ದಳು. ಆಕೆ ಅಲ್ಲೇ, ತಿಮಿಂಗಿಲದ ಎಲುಬಿನ ಕೆಳಗೆ, ಮುಖ ಮುಚ್ಚಿಕೊಂಡು ಅತ್ತಳು. ಹುಡುಗಿ ಸ್ವಲ್ಪ ಹೊತ್ತು ಬಿಟ್ಟು ಕರ್ಚೀಫು ಕೊಟ್ಟಳು.

“ಅರ್ಜಿ ತುಂಬಿಸಿದೀನಿ,” ಎಂದಳು. “ಪೋಷಕರ ಸಹಿ ಒಂದು ಬಾಕಿ. ನಾನಿಲ್ಲಿ ಬಂದಿರ್ತೀನಮ್ಮ. ಆದ್ರೆ ಅವಳಿರ್ಬಾರ್ದು. ಅವಳಿರೋ ಮನೇಲಿ ನಾನಿರಲ್ಲ.”

“ಇವತ್ತಿಂದಾನೇ ಇಲ್ಲ,” ಎಂದಳು ಆಕೆ. “ನಿನ್ನಾಣೆ. ಇನ್ನೊಂದು ಸಲ ಅವಳು ಪೇಪರಲ್ಲಿ ಕಾಣಲ್ಲ.”

ಹೇಳಿ ಮುಗಿಸುವುದರೊಳಗೇ ಗುರುವಾರ ಬರೆದದ್ದು ನೆನಪಾಯಿತು. ಆಗಲೇ ಹೇಳಿಬಿಡಬಹುದಿತ್ತು. ‘ಒಂದು ಬಾಕಿಯಿದೆ ಮಗಳೇ, ಮೊದಲೇ ಹೋಗಿಬಿಟ್ಟಿದೆ’ ಎಂಬ ಒಂದು ಮಾತು. ಹುಡುಗಿ ಹುಬ್ಬು ಗಂಟಿಕ್ಕುತ್ತಿದ್ದಳು, ಬಹುಶಃ ಕೊನೆಗೆ ನಗುತ್ತಿದ್ದಳು. ಆಕೆ ಹೇಳಲಿಲ್ಲ. ಸಂಜೆ ಮಗಳು ಸ್ನಾನಕ್ಕೆ ಹೋದಾಗ ಅಡುಗೆಮನೆಯ ಬಾಗಿಲು ಹಾಕಿಕೊಂಡು ಡೆಡ್‌ಲೈನ್ ಸಾರಿಗೆ ಫೋನ್ ಮಾಡಿದಳು.

“ಅಂಕಣ ತೆಗೀಬೇಕಾ? ಏನು ಮೇಡಂ ನೀವು, ನಿನ್ನೇನೇ ಅಚ್ಚಾಗಿ ಕಟ್ಟು ಕಟ್ಟಾಯ್ತು. ಇದೊಂದು ವಾರ ತಾನೇ, ಮುಂದಿನ ವಾರದಿಂದ ಏನು ಬೇಕಾದ್ರೂ ಮಾಡೋಣ. ಅಷ್ಟಕ್ಕೂ ಯಾರು ಓದ್ತಾರೆ ಬಿಡಿ.”

ಯಾರು ಓದುತ್ತಾರೆಂದು ಆಕೆಗೆ ಗೊತ್ತಿತ್ತು. ಆದರೂ ಆ ಮಾತನ್ನೇ ಹಿಡಿದುಕೊಂಡಳು. ಮಂಗಳವಾರ ಅಪ್ಪನ ಮನೆಯಲ್ಲಿ ಹುಡುಗಿಗೆ ಇಲ್ಲಿಗೆ ಬರಲು ಗಂಟುಮೂಟೆ ಕಟ್ಟುವ ಗಡಿಬಿಡಿ, ಪೇಪರ್ ನೋಡಲು ಪುರುಸೊತ್ತೆಲ್ಲಿ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಹೀಗೆಯೇ.

ಸೋಮವಾರ ಅವರು ಎಲ್ಲಿಗೂ ಹೋಗಲಿಲ್ಲ. ಯಾವ ಪಟ್ಟಿಯಲ್ಲೂ ಇಲ್ಲದ ದಿನ ಅದು. ಫ್ಯಾನಿನ ಕೆಳಗೆ ನೆಲದ ಮೇಲೆ ಬಿದ್ದುಕೊಂಡು ಹನ್ನೊಂದರವರೆಗೆ ಮಾತಾಡಿದರು. ಬ್ರೆಡ್ಡು ಮೊಟ್ಟೆ ತಿಂದರು. ಮಗಳು ಟೇಪು ಹಿಡಿದು ಕಿಟಕಿಯ ಕೆಳಗೆ ಅಳತೆ ತೆಗೆದಳು. “ಮೂರಡಿ ಟೇಬಲ್ ಹಿಡಿಸತ್ತೆ. ಆದ್ರೆ ಈ ಬೀರು ಆ ಕಡೆ ತಳ್ಬೇಕು.” ಇಬ್ಬರೂ ಸೇರಿ ಬೀರು ತಳ್ಳಿದರು. ಅದರ ಹಿಂದೆ ಏಳು ವರ್ಷದ ಧೂಳು, ಒಂದು ಬಾಚಣಿಗೆ ಸಿಕ್ಕವು. ಮಧ್ಯಾಹ್ನ ಆಕೆ ಅರ್ಜಿಗೆ ಸಹಿ ಹಾಕಿ, ಬುಧವಾರ ತಾನೇ ಕಾಲೇಜಿಗೆ ಕೊಟ್ಟುಬರುವುದಾಗಿ ಹೇಳಿ, ಮಡಚದೆ ತನ್ನ ಬ್ಯಾಗಿನಲ್ಲಿಟ್ಟುಕೊಂಡಳು. ಆ ದಿನ ಆಕೆ ನಿಜವಾಗಿ ಸುಖವಾಗಿದ್ದಳು. ಸುಖದ ಬಗ್ಗೆ ಅಷ್ಟೆಲ್ಲ ಬರೆದವಳಿಗೆ ಅದು ಇಷ್ಟು ಸಪ್ಪೆಯಾಗಿ, ಇಷ್ಟು ಸಲೀಸಾಗಿ ಇರುತ್ತದೆಂದು ಗೊತ್ತೇ ಇರಲಿಲ್ಲ.

ಬಸ್ಸು ಸಂಜೆ ಆರಕ್ಕೆ. ಮಗಳಿಗೆ ಡ್ರೈವರನ ಹಿಂದಿನ ಕಿಟಕಿ ಸೀಟು. ಆಕೆ ಕೆಳಗೆ ನಿಂತು ನೀರಿನ ಬಾಟಲಿ ಕೊಟ್ಟಳು. ಆಗ ಪತ್ರಿಕೆಯ ಟೆಂಪೋ ಹಿಂದಕ್ಕೆ ಬಂದು ಬಸ್ಸಿನ ಪಕ್ಕದಲ್ಲೇ ನಿಂತಿತು.

ನಾಳೆಯ ಪುರವಣಿ ಹೋಗುವುದು ಈ ಬಸ್ಸಿನಲ್ಲೇ. ಇಷ್ಟು ವರ್ಷದಲ್ಲಿ ಬಸ್ಸುಗಳಲ್ಲಿ ಹೋಗುತ್ತದೆ ಎಂದು ಗೊತ್ತಿತ್ತೇ ಹೊರತು ಯಾವ ಬಸ್ಸು ಎಂದು ಆಕೆ ಒಮ್ಮೆಯೂ ಯೋಚಿಸಿರಲಿಲ್ಲ. ಲೋಡರು ಕಟ್ಟುಗಳನ್ನು ಒಂದೊಂದಾಗಿ ಡಿಕ್ಕಿಗೆ ಎಸೆದ. ಕೊನೆಯದರ ದಾರ ಹರಿಯಿತು, ಹಾಳೆಗಳು ಜಾರಿದವು. ಆತ ಬೈದುಕೊಂಡು ಒತ್ತಿ ಕಟ್ಟಿ, ಉಳಿದ ಒಂದನ್ನು ಡ್ರೈವರನ ಕಡೆ ಚಾಚಿದ. “ತಗೋ ಅಣ್ಣಾ, ನಾಳೆದು ಇವತ್ತೇ ಓದ್ಕೋ.”

ಡ್ರೈವರ್ ಅದನ್ನು ಸ್ಟಿಯರಿಂಗ್ ಮೇಲೆ ಹರಡಿದ. ಕೈ ಹಿಡಿದು ನಡೆಯುವ ತಾಯಿ, ಎರಡು ಜಡೆಯ ಹುಡುಗಿ. “ನಮ್ಮನೆಯವಳಿಗೆ ಇದಂದ್ರೆ ಪ್ರಾಣ,” ಎಂದ ತನಗೆ ತಾನೇ. ಹಿಂದಿನ ಸೀಟಿನಿಂದ ಒಂದು ಕೈ ಬಂತು. “ಅಂಕಲ್, ಒಂದ್ನಿಮಿಷ ಕೊಡ್ತೀರಾ?”

“ಅದು ಬೇಡ ಕಣೇ,” ಎಂದಳು ಆಕೆ ಕೆಳಗಿನಿಂದ. ಅಷ್ಟೇ ಬಂದದ್ದು ಬಾಯಿಗೆ.

ಹುಡುಗಿ ಓದಿದಳು. ಆಕೆಗೆ ಪ್ರತಿಯೊಂದು ಸಾಲೂ ಗೊತ್ತಿತ್ತು. ಈಗ ಕೆರೆಯಲ್ಲಿ ದೋಣಿ ತೇಲುತ್ತಿದೆ, ಚಿಕ್ಕವಳು ನೀರಿಗೆ ಕೈಯಿಟ್ಟು ಹಾಡುತ್ತಿದ್ದಾಳೆ. ಈಗ ಐಸ್‌ಕ್ರೀಂ. ಈಗ ಸೋಮವಾರ ಸಂಜೆ, ‘ರಜೆ ಮುಗೀತಲ್ಲೇ’ ಎಂದು ಅಮ್ಮ ಹೇಳುತ್ತಾಳೆ. ‘ಮುಗಿದ್ರೆ ಮುಗೀಲಿ, ನಾನು ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ’ ಎಂದು ಚಿಕ್ಕವಳು ಕೊರಳಿಗೆ ಜೋತುಬೀಳುತ್ತಾಳೆ.

ಹುಡುಗಿ ಕಿಟಕಿಯ ಗಾಜು ಸರಿಸಿದಳು. “ಯಾವಾಗ ಬರೆದಿದ್ದು ಇದನ್ನ?”

“ಗುರುವಾರ.”

“ನಾನು ಬಂದಿದ್ದು ಶನಿವಾರ.”

“ಹೂಂ.”

“ಅಂದ್ರೆ ನಾನು ಬರೋ ಮುಂಚೆನೇ ರಜಾ ಮುಗಿದೋಗಿತ್ತು.” ಹುಡುಗಿಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಆಕೆ ಬದುಕಿಕೊಳ್ಳುತ್ತಿದ್ದಳು. “ನಿನ್ನೆ ಆಣೆ ಮಾಡಿದ್ರಲ್ಲ, ಆಗ ಇದು ಬರತ್ತೆ ಅಂತ ಗೊತ್ತಿತ್ತಾ?”

ಇಲ್ಲ ಎನ್ನಬಹುದಿತ್ತು. ಏಳು ವರ್ಷದಲ್ಲಿ ಎಷ್ಟೋ ಸುಳ್ಳು ಹೇಳಿದವಳಿಗೆ ಇನ್ನೊಂದು ಭಾರವಾಗುತ್ತಿರಲಿಲ್ಲ. ಆದರೆ ಹಾಳಾದ ಸತ್ಯಕ್ಕೆ ಆಗಲೇ ಬಾಯಿಗೆ ಬರಬೇಕಿತ್ತು.

“ಗೊತ್ತಿತ್ತು,” ಎಂದಳು.

ಹುಡುಗಿ ತಲೆಯಾಡಿಸಿದಳು. ಪುರವಣಿಯನ್ನು ಮೊದಲಿದ್ದ ಹಾಗೆಯೇ ಮಡಚಿ ಡ್ರೈವರನಿಗೆ ವಾಪಸು ಕೊಟ್ಟು, ಥ್ಯಾಂಕ್ಸ್ ಎಂದಳು. ಆಮೇಲೆ ಕಿಟಕಿಯಿಂದ ಕೈ ಹೊರಗೆ ಚಾಚಿದಳು. “ಆ ಅರ್ಜಿ ಕೊಡಿ.”

“ಕೇಳೇ ಇಲ್ಲಿ, ಒಂದೇ ಒಂದು ಮಾತು…”

“ಕೊಡಿ. ಬಸ್ ಹೊರಡತ್ತೆ.”

ಕಂಡಕ್ಟರ್ ಸೀಟಿ ಊದಿದ. ಆಕೆ ಬ್ಯಾಗಿನಿಂದ ಅರ್ಜಿ ತೆಗೆದು, ಒಂದು ಮೂಲೆಯೂ ಮಡಚದಂತೆ, ಎತ್ತಿ ಕೊಟ್ಟಳು. ಹುಡುಗಿ ಅದನ್ನು ಪುಸ್ತಕದೊಳಗಿಟ್ಟು ಗಾಜು ಎಳೆದುಕೊಂಡಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಆಕೆ ನೋಡಿದಳು. ಹುಡುಗಿ ತಿರುಗಲಿಲ್ಲ. ಮನೆಯಲ್ಲಿ ಬೀರು ಆ ಕಡೆಗೇ ಇತ್ತು. ಒಬ್ಬಳೇ ತಳ್ಳಲು ನೋಡಿದರೆ ಅಲುಗಲಿಲ್ಲ.

ಬುಧವಾರ ಆಕೆ ಮೂರು ಸಲ ಫೋನ್ ಮಾಡಿದಳು. ಮೂರನೆಯ ಸಲ ಎತ್ತಿದ್ದು ಅಜ್ಜಿ. “ಅವಳಿಲ್ಲೇ ಕಾಲೇಜಿಗೆ ಸೇರ್ತಾಳಂತೆ ಕಣಮ್ಮ. ನಾನೂ ಹೇಳಿ ನೋಡ್ದೆ,” ಎಂದರು. ಆ ಮುದುಕಿಯ ಹತ್ತಿರ ಕ್ಷಮೆ ಕೇಳಬೇಕೆಂದುಕೊಂಡಿದ್ದ ಮಾತು ಆಕೆಗೆ ಬರಲೇ ಇಲ್ಲ.

ಗುರುವಾರ ಹನ್ನೊಂದಕ್ಕೆ ಡೆಡ್‌ಲೈನ್ ಸಾರ್ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಕಾಗದಗಳ ಕಟ್ಟು. “ಅರವತ್ತು ಬಂದಿವೆ ಮೇಡಂ! ‘ಎಲ್ಲಿಗೂ ಹೋಗಲ್ಲ’ ಅಂತಾಳಲ್ಲ, ಅದಕ್ಕೆ ಎಲ್ಲರೂ ಅತ್ತಿದಾರೆ. ಹೂಂ, ನಿಲ್ಲಿಸ್ಬೇಕು ಅಂತಿದ್ರಿ. ಏನು ಮಾಡೋಣ?”

ಆಕೆ ಕಾಗದಗಳ ಕಟ್ಟನ್ನು ಇಸಿದುಕೊಂಡು ಮೇಜಿನ ಮೇಲಿಟ್ಟಳು. ಇನ್ನು ಯಾರಿಗಾಗಿ ನಿಲ್ಲಿಸಬೇಕು? ಇಬ್ಬರಲ್ಲಿ ಒಬ್ಬಳು ಹೋಗಿಯಾಯಿತು, ಇದ್ದೊಬ್ಬಳನ್ನಾದರೂ ಉಳಿಸಿಕೊಳ್ಳಬೇಕಲ್ಲ. ಹೋದ ಬೇಸಿಗೆಯ ಪಟ್ಟಿ ತೆಗೆದು ತಾರೀಖು ಬದಲಾಯಿಸಿದಳು. ಕೆರೆಯ ಬೋಟಿಂಗನ್ನು ಮಾತ್ರ ಹೊಡೆದುಹಾಕಿದಳು. ಆಮೇಲೆ ಮಂಗಳವಾರದ್ದನ್ನು ಶುರುಮಾಡಿ, ಊಟಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಮುಗಿಸಿದಳು. ಚಿಕ್ಕವಳಿಗೆ ಈಗಲೂ ಎಂಟೇ ವರ್ಷ.